ಮದುವೆಗೆ ಮುಂಚಿನ ಉಣ್ಣಿ ಎಣಿಕೆ

ಜೂನ್ ಬಂತೆಂದರೆ ಸ್ಟೇಟನ್ ಐಲೆಂಡಿನ ನಮ್ಮ ಪಾರ್ಕಿನಲ್ಲಿ ನನ್ನನ್ನು ಕಂಡವರೆಲ್ಲ ಮುಖ ತಿರುಗಿಸುತ್ತಾರೆ. ಉಣ್ಣಿ ಎಣಿಸುವುದು ನನ್ನ ಕೆಲಸ. ಬಿಳಿ ಬಟ್ಟೆಯೊಂದನ್ನು ಹುಲ್ಲಿನ ಮೇಲೆ ಎಳೆದುಕೊಂಡು ಹೋಗಬೇಕು. ಅದಕ್ಕೆ ಹತ್ತಿದ ಉಣ್ಣಿ ಐದು ದಾಟಿದರೆ ಎರಡು ವಾರ ಅಲ್ಲಿ ಯಾರೂ ಕಾಲಿಡುವಂತಿಲ್ಲ. ಉಣ್ಣಿ ಕಚ್ಚಿ ಬರುವ ಲೈಮ್ ರೋಗದ ಮುಂದೆ ಯಾರ ಮುಲಾಜೂ ನಡೆಯದು.

ಈ ಸಲ ಅಡ್ಡ ಬಂದವಳು ಫಿಲೊಮೀನಾ. ಎಪ್ಪತ್ತೆರಡರ ವಿಧವೆ, ನಾಲಿಗೆ ಮಾತ್ರ ಇಪ್ಪತ್ತರದು. ಬೊಚ್ಚೆ ಆಟದಲ್ಲಿ ಚೆಂಡು ಉರುಳಿಸುವಾಗ ಪರಿಚಯವಾದ ಆಲ್ಡೋನನ್ನು ಶನಿವಾರ ಅದೇ ಹುಲ್ಲಿನ ಮೇಲೆ ಮದುವೆಯಾಗುವುದಾಗಿ ಅರವತ್ತು ಜನರನ್ನು ಕರೆದಿದ್ದಳು.

ಗುರುವಾರ ಬೆಳಿಗ್ಗೆ ಹೋದರೆ ಹುಲ್ಲೆಲ್ಲ ನೆನೆದು ತೊಪ್ಪೆ. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಓಕ್ ಮರಗಳ ಕೆಳಗಿನ ಪೊದೆಯಿಂದ ನೀರಿನ ಪೈಪು ಎಳೆದುಕೊಂಡು, ಬಿಳಿ ಪ್ಯಾಂಟು ತೊಟ್ಟ ಫಿಲೊಮೀನಾ ಹೊರಬಂದಳು.

“ಹುಲ್ಲಿಗೆ ಬಾಯಾರಿಕೆ ಆಗಿತ್ತು ಕಣೇ, ಡೀನಾ,” ಅಂದಳು.

ಒದ್ದೆ ಬಟ್ಟೆಗೆ ಉಣ್ಣಿ ಹತ್ತುವುದಿಲ್ಲ ಎಂದು ಹೋದ ವರ್ಷ ಕಾಫಿ ಕುಡಿಯುತ್ತ ಅವಳಿಗೆ ಹೇಳಿದವಳು ನಾನೇ. ನನ್ನ ಬಾಯಿಗೆ ಬೀಗವಿಲ್ಲ! ಆದರೂ ಬಟ್ಟೆ ಎಳೆದೆ. ಸೊನ್ನೆ.

“ನೋಡ್ದ್ಯಾ? ಒಂದೂ ಇಲ್ಲ. ಬರ್ಕೋ.”

“ಆಂಟಿ, ನಿಮ್ಮ ಪ್ಯಾಂಟ್ ಮೇಲಿರೋದು ಏನು?”

“ಗಸಗಸೆ. ಬೆಳಿಗ್ಗೆ ಕೇಕ್ ತಿಂದೆ.”

“ಗಸಗಸೆ ನಡ್ಕೊಂಡು ಮಂಡಿ ಹತ್ತುತ್ತಾ?”

ಬಗ್ಗಿ ನೋಡಿದವಳು ಕಿರುಚಿದ್ದಕ್ಕೆ ಬೆಂಚಿನ ಮೇಲಿದ್ದ ಆಲ್ಡೋ ಓಡಿಬಂದ. ನಾನು ಕೊಟ್ಟ ಚಿಮಟದಿಂದ ಒಂದೊಂದೇ ಹಿಡಿದು ಟೇಪಿಗೆ ಅಂಟಿಸಿದ. ಹನ್ನೊಂದು. ನನ್ನ ಬಟ್ಟೆ ಮಾಡಬೇಕಾದ ಕೆಲಸವನ್ನು ಪೊದೆಯಲ್ಲಿ ಅವಳ ಪ್ಯಾಂಟೇ ಮಾಡಿ ಮುಗಿಸಿತ್ತು.

“ಇದು ಲೆಕ್ಕಕ್ಕಿಲ್ಲ!” ಫಿಲೊಮೀನಾಳ ಕಣ್ಣು ತುಂಬಿತು. “ಇದು ನಮ್ಮ ಜಾಗ ಕಣೋ, ಆಲ್ಡೋ. ಇಲ್ಲೇ ಅಲ್ವಾ ನೀನು ನನ್ನ ಕೈಲಿ ಸೋತಿದ್ದು?”

ನನಗೂ ಸೊನ್ನೆ ಎಂದೇ ಬರೆದುಬಿಡಲೇ ಅನ್ನಿಸಿದ್ದು ಸುಳ್ಳಲ್ಲ.

ಆಲ್ಡೋ ಅವಳ ಪ್ಯಾಂಟಿನ ಮಡಿಕೆ ಬಿಚ್ಚಿ ನೋಡುತ್ತಲೇ ಹೇಳಿದ: “ಹೋದ್ಸಲ ಈ ರೋಗ ಬಂದು ಮೂರು ತಿಂಗ್ಳು ನನ್ನ ಮಂಡಿ ಊದಿತ್ತಲ್ಲ, ದಿನಾ ನನ್ನ ಕಾಲಿಗೆ ಸಾಕ್ಸ್ ಹಾಕ್ತಿದ್ದೋಳು ನೀನು. ಈಗ ಅರವತ್ತು ಜನಕ್ಕೆ ಯಾರು ಹಾಕ್ತಾರೆ, ಫಿಲೊ?”

ಆಲ್ಡೋ ಅವಳ ಕೈಯಿಂದ ಪೈಪು ಇಸಿದುಕೊಂಡ.

“ಕಾರ್ ನಿಲ್ಸೋ ಜಾಗ ಇದೆಯಲ್ಲ, ಅಲ್ಲೇ ಮದ್ವೆ ಆಗೋಣ. ಬಿಸಿಲಿಗೆ ಪಾದ್ರಿನೂ ಬೇಗ ಮುಗಿಸ್ತಾರೆ.”

ಫಿಲೊಮೀನಾ ಮೂಗು ಒರೆಸಿಕೊಂಡಳು. ನನ್ನ ಕಂಕುಳಿನಿಂದ ‘ಪ್ರವೇಶವಿಲ್ಲ’ ಹಲಗೆ ಕಿತ್ತುಕೊಂಡು ತಾನೇ ನೆಟ್ಟಳು.