ಚುಕ್ಕಿಯ ಹಿಂದಿನ ಮಾತು

ಹಳೆಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುವುದಿಲ್ಲ. ಏಳು ಸಮುದ್ರದಾಚೆ ಒಂದು ಮರ, ಮರದ ಪೊಟರೆಯಲ್ಲೊಂದು ಗಿಳಿ, ಗಿಳಿಯ ಕೊರಳಲ್ಲಿ ಪ್ರಾಣ. ಚಿಕ್ಕವಳಿದ್ದಾಗ ಈ ಕಥೆ ಕೇಳಿ ನಾನು ಅಜ್ಜಿಯನ್ನು ಪೀಡಿಸುತ್ತಿದ್ದೆ: ಅಷ್ಟು ದೂರ ಯಾಕಿಟ್ಟ, ಸೊಂಟಕ್ಕೆ ಕಟ್ಟಿಕೊಳ್ಳಬಾರದಿತ್ತೇ ಎಂದು. "ಜೋಪಾನ ಮಾಡೋಕೆ ಹೋದೋರೇ ಕಣೇ ಕಳ್ಕೊಳ್ಳೋದು," ಎನ್ನುತ್ತಿದ್ದಳು ಅಜ್ಜಿ. ಆಗ ಅರ್ಥವಾಗಿರಲಿಲ್ಲ. ತಮ್ಮನ ಮನೆಯಲ್ಲಿ ಅರ್ಥವಾಯಿತು.

ತಮ್ಮನ ಹೆಂಡತಿಯನ್ನು ನಾವು ಅರಳು ಎಂದು ಕರೆಯುತ್ತಿದ್ದೆವು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಅರಳು ಹುರಿದ ಹಾಗೆ ಮಾತು. ಕರವಸ್ತ್ರಕ್ಕೆಂದು ಬಂದವರು ಅವಳ ಮಾತು ಕೇಳಿ ಪರದೆ ಬಟ್ಟೆ ಒಯ್ದು, ಮನೆಗೆ ಹೋದ ಮೇಲೆ ಕಿಟಕಿಯ ಅಳತೆ ನೋಡುತ್ತಿದ್ದರು. ತಮ್ಮ ಅದಕ್ಕೆ ತಕ್ಕ ಮೂಗಬಸವ. ದೊಡ್ಡ ಆಸ್ಪತ್ರೆಯೊಂದರ ಲಿಫ್ಟುಗಳನ್ನು ನೋಡಿಕೊಳ್ಳುವುದು ಅವನ ಉದ್ಯೋಗ. ಕಂಪ್ಯೂಟರು ಅವನ ಹುಚ್ಚು. ಯಾರೋ ಬಿಸಾಡಿದ ಪೆಟ್ಟಿಗೆಗಳನ್ನು ಹೊತ್ತು ತಂದು, ಒಂದರ ಕರುಳು ಇನ್ನೊಂದಕ್ಕೆ ಜೋಡಿಸಿ, ಬಾಯಿಗೆ ಬಾರದ ಹೆಸರಿನ ಹೊಸ ಹೊಸ ಆಪರೇಟಿಂಗ್ ವ್ಯವಸ್ಥೆಗಳನ್ನು ತುಂಬಿ ಎಬ್ಬಿಸುತ್ತಿದ್ದ. ಅಡುಗೆಮನೆಯಿಂದ ಬಚ್ಚಲಿನ ಗೋಡೆಯವರೆಗೆ ನೀಲಿ ತಂತಿ ಎಳೆದಿದ್ದ. ಅಂಗಿಯ ಜೇಬಿನಲ್ಲಿ ಸದಾ ತಿರುಪುಗಳು. ಬಟ್ಟೆ ಒಗೆಯುವ ಯಂತ್ರದಲ್ಲಿ ಅವು ಗಲಗಲ ಎನ್ನುವುದನ್ನು ಕೇಳಿ ಅರಳು ಅವನಿಗೆ 'ತಿರುಪು' ಎಂದೇ ಹೆಸರಿಟ್ಟಳು. "ಅತ್ತಿಗೆ, ನಿಮ್ಮ ತಮ್ಮನ್ನ ಒಗೆಯೋದೂ ಒಂದೇ, ಹಾರ್ಡ್‌ವೇರ್ ಅಂಗಡಿ ಒಗೆಯೋದೂ ಒಂದೇ."

ಆ ನಾಲಿಗೆಯೇ ಮೊದಲು ತೊಡರಿತು. ಆಮೇಲೆ ಕೈ, ಆಮೇಲೆ ಕಾಲು. ನರಗಳ ಕಾಯಿಲೆ, ತಲೆ ಸರಿಯಾಗೇ ಇರುತ್ತದೆ, ಮೈ ಒಂದೊಂದಾಗಿ ಬಿಟ್ಟುಕೊಡುತ್ತದೆ ಎಂದರು ಡಾಕ್ಟರು. ನಾನು ನನ್ನ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದೆ. ಮಾತಿಲ್ಲದ ಅರಳುವನ್ನು ನೋಡುವುದು, ಹರಿಯುವ ಸದ್ದಿಲ್ಲದ ಹೊಳೆಯನ್ನು ನೋಡಿದ ಹಾಗೆ. ದೇವರೊಂದಿಗೆ ನಾನು ಜಗಳವಾಡುವವಳಲ್ಲ. ಆ ದಿನಗಳಲ್ಲಿ ಮಾತ್ರ ಪ್ರಾರ್ಥನೆಗೆ ಕೂತು ಬಾಯಿ ಬಿಗಿದುಕೊಂಡು ಏಳುತ್ತಿದ್ದೆ.

ಆಗ ತಮ್ಮ ತನ್ನ ಹುಚ್ಚಿಗೆ ಅರ್ಥ ಕಂಡುಕೊಂಡ. ಒಂದು ಮೌಸು ಬಿಚ್ಚಿ ಅದರ ಗುಂಡಿಯನ್ನಷ್ಟೇ ಅರಳುವಿನ ಹೆಬ್ಬೆರಳ ಕೆಳಗೆ ಕೂರಿಸಿದ. ಮಂಚದ ಎದುರಿಗೆ ಪರದೆ, ಪರದೆಯ ಮೇಲೆ ಮಗ್ಗಿಯ ಹಾಗೆ ಅಕ್ಷರಗಳ ಮನೆಗಳು. ಬೆಳಕು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಬೇಕಾದ ಸಾಲಿಗೆ ಬಂದಾಗ ಒಮ್ಮೆ ಒತ್ತಬೇಕು, ಬೇಕಾದ ಮನೆಗೆ ಬಂದಾಗ ಇನ್ನೊಮ್ಮೆ. ಗುಣಿತಕ್ಕೆ ಬೇರೆ ಮನೆ, ಒತ್ತಕ್ಷರಕ್ಕೆ ಬೇರೆ. ಕೊನೆಗೆ 'ನುಡಿ' ಎಂಬ ಮನೆ ಒತ್ತಿದರೆ ಯಂತ್ರ ಗಂಡಸೋ ಹೆಂಗಸೋ ತಿಳಿಯದ ಧ್ವನಿಯಲ್ಲಿ ಓದಿ ಹೇಳುತ್ತದೆ. ಹೀಗೆ ನುಡಿಸಿದ ಹೊಸ ಮಾತನ್ನು ಅದು ನೆನಪಿಟ್ಟುಕೊಂಡು, ಮುಂದಿನ ಸಲ ಮೊದಲ ಅಕ್ಷರಕ್ಕೇ ತಂದು ಮುಂದಿಡುತ್ತದೆ.

ಶುರುವಿನಲ್ಲಿ ಅದಕ್ಕೆ ಬರುತ್ತಿದ್ದುದು ಕಚೇರಿಯ ಮಾತು ಮಾತ್ರ. ಕನ್ನಡದಲ್ಲಿ ಸುಲಭವಾಗಿ ಸಿಕ್ಕಿದ್ದೇ ಸುತ್ತೋಲೆಗಳು, ಅವುಗಳಿಂದಲೇ ಯಾರೋ ಪದಗಳ ಮೂಟೆ ಕಟ್ಟಿದ್ದಾರೆ ಎಂದ ತಮ್ಮ. ಅರಳು ಅದನ್ನು ಕೂಸನ್ನು ಸಾಕಿದ ಹಾಗೆ ಸಾಕಿದಳು. ಆಗ ಹೆಬ್ಬೆರಳಲ್ಲಿ ಬಲವಿತ್ತು. ಬರಬರುತ್ತಾ 'ಅ' ಒತ್ತಿದರೆ ಸಾಕು, "ಅತ್ತಿಗೆ, ನಿಮ್ಮ ತಮ್ಮನಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದು ಇಡೀ ಸಾಲೇ ಬರುತ್ತಿತ್ತು. 'ಬ' ಒತ್ತಿದರೆ ಬೈಗುಳ. ಬೆಳಿಗ್ಗೆ ಮುಖ ತೊಳೆಸಿದ ಮೇಲೆ 'ದ' ಒತ್ತುತ್ತಿದ್ದಳು. ಅದು ಅವಳ ಪ್ರಾರ್ಥನೆ: "ದೇವರೇ, ಎಲ್ಲರನ್ನೂ ಕಾಪಾಡು. ಇವನನ್ನ ಸ್ವಲ್ಪ ಜಾಸ್ತಿ ಕಾಪಾಡು, ಇವನಿಗೆ ತನ್ನ ಚಪ್ಪಲಿ ಎಲ್ಲಿದೆ ಅಂತಾನೂ ಗೊತ್ತಿರಲ್ಲ." ನನ್ನ ಪ್ರಾರ್ಥನೆಯೂ ಆಗಲೇ ಹಿಂದಿರುಗಿತು. ಆ ತಗಡು ದನಿಯ ಜೊತೆಗೇ ನಾನೂ ಹೇಳುತ್ತಿದ್ದೆ.

ತಮ್ಮನ ಮೇಜು ಪಕ್ಕದ ಕೋಣೆಯಲ್ಲಿತ್ತು. ಅರಳು ಅವನನ್ನು ಕರೆದರೆ ಆ ಕರೆ ತಂತಿಯಲ್ಲಿ ಹೋಗಿ ಅವನ ಮೇಜಿನ ಮೇಲೊಂದು ಹಸಿರು ದೀಪ ಹತ್ತಿಸುತ್ತಿತ್ತು. ದೀಪ ಹತ್ತುವ ಮೊದಲೇ ಅವನು ಕುರ್ಚಿಯಿಂದ ಎದ್ದಿರುತ್ತಿದ್ದ.

ಕಾಲ ಕಳೆದಂತೆ ಯಂತ್ರ ನಿಧಾನವಾಯಿತು. ಹೆಬ್ಬೆರಳೂ ಸೋಲುತ್ತಿತ್ತು. ಒತ್ತಿದ ಮೇಲೆ ಬೆಳಕು ಒಂದು ಮನೆ ಮುಂದೆ ಹೋಗಿ ನಿಲ್ಲುತ್ತಿತ್ತು. 'ಕ' ಬಯಸಿದರೆ 'ಖ'. "ಇದಕ್ಕೂ ನನ್ನ ಕಾಯಿಲೆ ಅಂಟಿತು ಅತ್ತಿಗೆ," ಎಂದು ಅವಳು ಯಂತ್ರದಿಂದಲೇ ಹೇಳಿಸಿದಳು. ನಗೆಯಾಡಿದ್ದು ನಿಜ, ಕಣ್ಣಂಚಿನಲ್ಲಿ ದಣಿವಿತ್ತು. ತಮ್ಮನಿಗೆ ತಡೆಯಲಾಗಲಿಲ್ಲ. "ಹಳೇ ವ್ಯವಸ್ಥೆ ಕಿತ್ತು ಹೊಸದು ಹಾಕ್ತೀನಿ, ಚಿಗರೆ ಥರ ಓಡುತ್ತೆ ನೋಡು," ಎಂದ.

ರಜೆಯ ದಿನ ಬೆಳಿಗ್ಗೆ ಕೂತ. ಅಜಾಗರೂಕತೆಯಿಂದ ಮಾಡಿದ ಎಂದು ಯಾರೂ ಅನ್ನಬಾರದು. ಅವಳ ಕಡತಗಳನ್ನು ದಿನವೂ ಬೇರೆ ಡಿಸ್ಕಿಗೆ ಪ್ರತಿ ತೆಗೆದಿಡುವ ಏರ್ಪಾಡು ಅವನದು; ಅಂದು ಇನ್ನೊಮ್ಮೆ ತೆಗೆದ. ಫೋಟೋ ತೆರೆದು ನೋಡಿದ, ಹಾಡು ಹಾಕಿ ಕೇಳಿದ. ಎಲ್ಲ ಇದೆ. ಆಮೇಲೆ ಹಳೆಯದನ್ನು ಒರೆಸಿದ, ಅದರ ಮೇಲೇ ಹೊಸದನ್ನು ಹರಡಿದ. ಮಧ್ಯಾಹ್ನದ ಊಟದ ಹೊತ್ತಿಗೆ ಪರದೆ ಬೆಳಗಿತು. ಬೆಳಕು ನಿಜಕ್ಕೂ ಚಿಗರೆಯ ಹಾಗೇ ಓಡಿತು. ತಮ್ಮ ಕೈ ಕಟ್ಟಿ ನಿಂತ, ಮದುಮಗನ ಹಾಗೆ.

"ಅತ್ತಿಗೆ" ಎನ್ನಲು ಅರಳು 'ಅ' ಒತ್ತಿದಳು. ಬಂದದ್ದು: ಅಧಿಸೂಚನೆ. ಅಧ್ಯಕ್ಷರು. ಅನುಮೋದಿಸಲಾಗಿದೆ.

ಮತ್ತೆ ಒತ್ತಿದಳು. ಅವೇ. 'ದ' ಒತ್ತಿದಳು. ದಾಖಲಾತಿ. ದಿನಾಂಕ. ದೃಢೀಕರಣ.

ಅವಳು ತಮ್ಮನ ಕಡೆ ಕಣ್ಣು ತಿರುಗಿಸಿದಳು. ಕೋಪವಿರಲಿಲ್ಲ. ಮನೆಗೆ ಬಂದವರು ಖಾಲಿ ಮನೆ ಕಂಡು, ಎಲ್ಲರೂ ಎಲ್ಲಿಗೆ ಹೋದರು ಎಂದು ನೋಡುವ ಹಾಗೆ ನೋಡಿದಳು.

ಆದದ್ದೇನೆಂದು ತಮ್ಮ ನನಗೆ ಅಡುಗೆಮನೆಯ ಕಟ್ಟೆಗೆ ಒರಗಿ ಹೇಳಿದ. ಈ ಯಂತ್ರಗಳಿಗೆ 'ಎಲ್ಲವನ್ನೂ ಪ್ರತಿ ಮಾಡು' ಎನ್ನಬೇಕಾದರೆ ಒಂದು ನಕ್ಷತ್ರದ ಗುರುತು ಹಾಕುತ್ತಾರಂತೆ. ಆದರೆ ಹೆಸರು ಚುಕ್ಕಿಯಿಂದ ಶುರುವಾಗುವ ಕಡತಗಳು ಮರೆಯ ಕಡತಗಳು. ನಕ್ಷತ್ರದ ಲೆಕ್ಕಕ್ಕೆ ಅವು 'ಎಲ್ಲ' ಎಂಬುದರಲ್ಲಿ ಸೇರುವುದಿಲ್ಲ. ಮನೆಯಲ್ಲಿರುವುದೆಲ್ಲ ತಾ ಎಂದರೆ ಕಣ್ಣಿಗೆ ಕಂಡದ್ದೆಲ್ಲ ತಂದು, ಬಾಗಿಲ ಮರೆಯಲ್ಲಿ ಕೂತ ಮುದುಕಿಯನ್ನು ಬಿಟ್ಟು ಬಂದ ಆಳಿನ ಹಾಗೆ. ಅರಳು ಕಲಿಸಿದ ಮಾತೆಲ್ಲ ಅಂಥದೊಂದು ಚುಕ್ಕಿಯ ಹಿಂದೆ ಕೂತಿತ್ತು. ದಿನವೂ ತೆಗೆದ ಪ್ರತಿಗಳಲ್ಲೂ ಅದೇ ನಕ್ಷತ್ರ. ಯಾವುದರಲ್ಲೂ ಅದಿಲ್ಲ.

"ಕಂಪ್ಯೂಟರ್ ಕಲಿಯೋ ಹೊಸಬರಿಗೆ ನಾನೇ ಹೇಳಿಕೊಡ್ತೀನಕ್ಕಾ ಇದನ್ನ," ಎಂದ. "ಚುಕ್ಕಿ ಮರೀಬೇಡ್ರಪ್ಪಾ ಅಂತ. ತಮಾಷೆ ಮಾಡ್ತೀನಿ, ಮರೆತೋರನ್ನ."

ಒಲೆಯ ಮೇಲೆ ನೀರು ಕುದಿದು ಬತ್ತುತ್ತಿತ್ತು.

ಅಂದಿನಿಂದ ಅವನು ಪಕ್ಕದ ಕೋಣೆ ಸೇರಿದ. ಒರೆಸಿದ ಡಿಸ್ಕನ್ನು ಕಳಚಿ ತನ್ನ ಮೇಜಿಗೆ ಒಯ್ದ, ಅರಳುವಿನ ಯಂತ್ರಕ್ಕೆ ಬೇರೆಯದನ್ನು ಹಾಕಿಕೊಟ್ಟ. ಒರೆಸಿದ್ದು ಪೂರ್ತಿ ಹೋಗಿರುವುದಿಲ್ಲ, ಮೇಲೆ ಬರೆದಿಲ್ಲದ ಕಡೆ ಅಡಿಯಲ್ಲಿ ಉಳಿದಿರುತ್ತದೆ, ಹೆಕ್ಕಬಹುದು ಎನ್ನುತ್ತಿದ್ದ. ಕೆಲಸಕ್ಕೆ ರಜೆ ಹಾಕಿದ. ಎಲ್ಲೆಲ್ಲಿಯದೋ ಊರುಗಳಲ್ಲಿರುವ, ಮುಖ ನೋಡದ ಗೆಳೆಯರನ್ನು ಕೇಳಿದ. ಒಬ್ಬ ಒಂದು ಉಪಾಯ ಹೇಳಿದ, ಇನ್ನೊಬ್ಬ ತಾನೇ ಬರೆದ ಪ್ರೋಗ್ರಾಮು ಕಳಿಸಿದ. ಒಳ್ಳೆಯವರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳು ಹುಲ್ಲಿನ ಹಾಗೆ ಬೆಳೆಯುತ್ತಿದ್ದವು. ನಡುವೆ ಅರ್ಧ ಫೋಟೋ, ಹಾಡಿನ ಒಂದು ತುಣುಕು. ಮಾತು ಮಾತ್ರ ಇಲ್ಲ.

ಇತ್ತ ಅರಳುವಿಗೆ ಮತ್ತೆ ಕೂಸು ಸಾಕುವ ತ್ರಾಣವಿರಲಿಲ್ಲ. ಒಂದು ಅಕ್ಷರಕ್ಕೆ ಹೆಬ್ಬೆರಳು ಬೆವರುತ್ತಿತ್ತು. ಆದರೆ ಹುಟ್ಟುಗುಣ ಸುಡುಗಾಡಿಗೆ ಹೋದರೂ ಬಿಡುವುದಿಲ್ಲವಲ್ಲ. ಯಂತ್ರ ಏನು ಕೊಡುತ್ತದೋ ಅದರಲ್ಲೇ ಮಾತಾಡತೊಡಗಿದಳು. ಬಿಸಿನೀರಿನ ಬಟ್ಟೆ ಹಿಡಿದು ಹೋದರೆ, "ಅನುಮೋದಿಸಲಾಗಿದೆ." ಔಷಧಿ ಕಂಡರೆ, "ಮುಂದೂಡಲಾಗಿದೆ." ನಾನು "ಕಾರ್ಯದರ್ಶಿ". ತಮ್ಮ "ಅಧ್ಯಕ್ಷರು".

"ಏನಮ್ಮಾ, ಬೀದಿ ಕಸದ ವಿಷಯ ಸಭೆಗೆ ತರ್ತೀಯೋ ಹೇಗೆ?" ಎಂದು ನಾನು ಕೆಣಕಿದರೆ, ಬಹಳ ಹೊತ್ತು ಕಾದು, "ಕ್ರಮ ಕೈಗೊಳ್ಳಲಾಗುವುದು." ನಾನು ನಕ್ಕೆ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ. ಬೆಳಗಿನ ಪ್ರಾರ್ಥನೆಯನ್ನು ಅವಳ ಬದಲು ನಾನೇ ಹೇಳುತ್ತಿದ್ದೆ, ಚಪ್ಪಲಿಯ ಮಾತೂ ಬಿಡದೆ. ಅವಳು ಕಣ್ಣು ಮುಚ್ಚಿ ತೆರೆಯುತ್ತಿದ್ದಳು.

"ಅಧ್ಯಕ್ಷರು," ಎಂದು ಯಂತ್ರ ಕೂಗುತ್ತಿತ್ತು ಆಗಾಗ.

"ಬಂದೆ, ಇನ್ನೊಂಚೂರು," ಎಂದು ಪಕ್ಕದ ಕೋಣೆಯಿಂದ ತಮ್ಮ.

ಹಸಿರು ದೀಪ ಹತ್ತಿ ಆರುತ್ತಿತ್ತು. ಬರುತ್ತಿರಲಿಲ್ಲ ಎಂದಲ್ಲ. ಬಂದು, ತಲೆ ಸವರಿ, "ಇವತ್ತು ಒಂದು ಜಾಗ ಸಿಕ್ಕಿದೆ, ಅಲ್ಲೇ ಇರಬೇಕು" ಎಂದು ಹೇಳಿ ಓಡುತ್ತಿದ್ದ. ಅವಳ ಮುಖ ಮಾತ್ರ ನೋಡುತ್ತಿರಲಿಲ್ಲ. ನೋಡುವ ಧೈರ್ಯ ಅವನಿಗಿರಲಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಒಂದು ಮಧ್ಯಾಹ್ನ ಅವಳ ಉಸಿರು ಬೇರೆ ಥರ ಆಯಿತು. ಡಾಕ್ಟರು ಬಂದು ನೋಡಿ, ಹೊರಗೆ ಮೆಟ್ಟಿಲ ಹತ್ತಿರ ನನ್ನೊಬ್ಬಳನ್ನೇ ಕರೆದು, "ಇನ್ನು ಜೊತೆಗಿರಿ, ಅಷ್ಟೇ," ಎಂದರು. ಒಳಗೆ ಯಂತ್ರ ಹೇಳುತ್ತಿತ್ತು: "ಅಧ್ಯಕ್ಷರು. ಅಧ್ಯಕ್ಷರು."

ನಾನು ಪಕ್ಕದ ಕೋಣೆಗೆ ಹೋದೆ. ಹಸಿರು ದೀಪ ಉರಿಯುತ್ತಿತ್ತು. ತಮ್ಮ ಅದಕ್ಕೆ ಬೆನ್ನು ಮಾಡಿ ಕೂತಿದ್ದ.

"ಏಳೋ."

"ಅಕ್ಕಾ, ಮುಗೀತಾ ಬಂತು, ಇದೊಂದು ಭಾಗ..."

"ಅವಳ ಮಾತು ಅಲ್ಲಿ ಹುಡುಕ್ತಿದ್ದೀಯಲ್ಲೋ, ಅವಳು ಇಲ್ಲಿ ಕರೀತಿದ್ದಾಳೆ. ಕಿವಿಗೆ ಏನಿಟ್ಕೊಂಡಿದ್ದೀಯ?"

"ಯಾವ ಮುಖ ಇಟ್ಕೊಂಡು ಹೋಗಲಿ?"

"ಇರೋದೊಂದೇ ಅಲ್ವೇನೋ ಮುಖ? ಅದನ್ನೇ ತಗೊಂಡು ಬಾ."

ಅವನು ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ. ಅರಳು ಅವನನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ಹೆಬ್ಬೆರಳು ಅಲುಗಿತು.

'ತ'. ಯಂತ್ರ ಓಡೋಡಿ ಬಂದು ತನಿಖೆ, ತಾಲ್ಲೂಕು, ತೀರ್ಮಾನ ಎಂದು ಮುಂದಿಟ್ಟಿತು. ಅವಳು ಯಾವುದನ್ನೂ ಮುಟ್ಟಲಿಲ್ಲ. ಬೆಳಕು ಇಳಿದು, ಮುಗಿದು, ಮತ್ತೆ ಮೇಲಿನಿಂದ ಇಳಿಯಿತು. ಗುಣಿತದ ಸಾಲು ತಪ್ಪಿಹೋಯಿತು. ಮತ್ತೆ ಕಾದಳು. 'ತಿ'. ಕಿಟಕಿಯ ಬಿಸಿಲು ಹಾಸಿಗೆಯ ಈ ಅಂಚಿನಿಂದ ನಡುವಿಗೆ ಬಂದಿತ್ತು. ತಮ್ಮನಿಗೆ ಅರ್ಥವಾಯಿತು. ಬಾಯಿಗೆ ಮುಂಗೈ ಒತ್ತಿ ಹಿಡಿದುಕೊಂಡ. 'ರ' ಬಂತು, ಅದಕ್ಕೊಂದು ಕೊಂಬು. ನಡುವೆ ಅವಳು ಕಣ್ಣು ಮುಚ್ಚಿ ದಣಿವಾರಿಸಿಕೊಂಡಳು. ನಾನು ಮನಸ್ಸಿನಲ್ಲೇ, ತಂದೇ, ಒಂದು ಬೆರಳಿಗಷ್ಟು ಬಲ ಕೊಡು, ಬೇರೇನೂ ಕೇಳುವುದಿಲ್ಲ ಎಂದೆ.

ತಿರುಪು.

"ಸಾಕು ಕಣೇ, ಓದಿದೆ, ಓದಿದೆ," ಎಂದ ತಮ್ಮ ಅಳುತ್ತಾ. "ಇನ್ನು ಒತ್ತಬೇಡ, ಸುಸ್ತಾಗುತ್ತೆ."

ಅವಳು ಕೇಳಲಿಲ್ಲ. ಅವನ ಮಾತನ್ನು ಎಂದು ಕೇಳಿದ್ದಳು? 'ನುಡಿ' ಎಂಬುದು ಎಲ್ಲಕ್ಕಿಂತ ಕೆಳಗಿನ ಸಾಲಿನ ಕೊನೆಯ ಮನೆ. ಬೆಳಕು ಒಂದೊಂದೇ ಮೆಟ್ಟಿಲಿಳಿದು ಅಲ್ಲಿಗೆ ಬರುವವರೆಗೂ ಕಾದು, ಒತ್ತಿದಳು.

"ತಿರುಪು," ಎಂದಿತು ಯಂತ್ರ, ದಾಖಲೆ ಓದುವವರ ದನಿಯಲ್ಲಿ.

ತಮ್ಮ ಅವಳ ಕೈಯ ಮೇಲೆ ಹಣೆ ಇಟ್ಟ. ಆ ಹೆಬ್ಬೆರಳು ಮತ್ತೆ ಏನನ್ನೂ ಒತ್ತಲಿಲ್ಲ. ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಅರಳು ಹೋದಳು. ಬೆಳಕು ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಲೇ ಇತ್ತು; ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ದುಃಖದ ಮನೆಯಲ್ಲೂ ಪಾತ್ರೆ ತೊಳೆಯಬೇಕು, ಕಸ ಗುಡಿಸಬೇಕು. ಬಂದವರೆಲ್ಲ ಹೋದ ಮೇಲೆ ಒಂದು ಸಂಜೆ ನಾನು ಪಕ್ಕದ ಕೋಣೆಗೆ ಚಹಾ ಒಯ್ದೆ. ಹಳೆಯ ಡಿಸ್ಕನ್ನು ತಮ್ಮ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದ. ಮೇಜಿನ ಮೇಲೆ ಈಗ ಅರಳುವಿನ ಯಂತ್ರವಿತ್ತು. ಅವನು ಏನನ್ನೋ ಪ್ರತಿ ಮಾಡುತ್ತಿದ್ದ. ಒಂದು ಡಿಸ್ಕಿಗೆ, ಇನ್ನೊಂದಕ್ಕೆ, ತನ್ನ ಫೋನಿಗೆ, ದೂರದ ಊರುಗಳ ಆ ಮುಖ ಕಾಣದ ಗೆಳೆಯರ ಯಂತ್ರಗಳಿಗೆ.

"ಏನೋ ಅದು?"

"ಅವಳು ಕಲಿಸಿದ ಕಡತ ಅಕ್ಕ. ಹೊಸಾದು."

"ಅದರಲ್ಲಿ ಏನಿದೆ?"

"ಒಂದು ಪದ."

ನಾನು ಲೋಟ ಕೆಳಗಿಟ್ಟೆ. "ತುಂಬಾ ಜಾಗ ಹಿಡಿಯುತ್ತೇನೋ?"

"ಇಲ್ಲಕ್ಕಾ. ಏನೇನೂ ಇಲ್ಲ."

ಅವನು ಒಂದು ಆಜ್ಞೆ ಬರೆದ, ಅಳಿಸಿದ, ಮತ್ತೆ ಬರೆದ. ಆಮೇಲೆ ಕುರ್ಚಿ ಸರಿಸಿ ನನಗೆ ಜಾಗ ಮಾಡಿಕೊಟ್ಟ. ಚಿಕ್ಕಂದಿನಲ್ಲಿ ಲೆಕ್ಕ ಮುಗಿಸಿ ಹಲಗೆ ಚಾಚುತ್ತಿದ್ದನಲ್ಲ, ಹಾಗೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ.

"ನೀನೂ ಒಂದ್ಸಲ ನೋಡಕ್ಕಾ. ಮುಂದೊಂದು ಚುಕ್ಕಿ ಇರಬೇಕು. ಇದೆಯಾ?"

ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದೆ.

"ಇದೆ ಕಣೋ," ಎಂದೆ.

"ಇನ್ನೊಂದ್ಸಲ ನೋಡು," ಎಂದ.