ಮೋಟರಿನ ಸರದಿ

ಆ ವರ್ಷ ದೆಹಲಿಗೆ ಬೇಸಿಗೆ ಬೇಗನೆ ಕಾಲಿಟ್ಟಿತ್ತು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನೀರಿನ ಜಗಳಗಳೂ ಬೇಗನೆ ಶುರುವಾಗಿದ್ದವು. ನೆಲಮಹಡಿಯಲ್ಲಿದ್ದ ಹರ್ಷಿಣಿಗೆ ಮಾತ್ರ ಆ ಜಗಳ ಬೇಕಾಗಿತ್ತು.

ದೂರದ ಗ್ರೇಟರ್ ನೋಯ್ಡಾದ ಕಾಲೇಜಿನಲ್ಲಿ ಅವಳು ಮೂರನೇ ವರ್ಷದ ಮೆಕ್ಯಾನಿಕಲ್ ಓದುತ್ತಿದ್ದಳು. ಒಂದು ಟ್ರಸ್ಟು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ನಡೆಸುವ ನಾಯಕತ್ವದ ಫೆಲೋಶಿಪ್ಪಿನ ಕೊನೆಯ ಸುತ್ತಿಗೆ ಅವಳ ಹೆಸರು ಬಂದಿತ್ತು. ಆಯ್ಕೆಯಾದರೆ ಬೇಸಿಗೆಯಿಡೀ ಫ್ಯಾಕ್ಟರಿಯಲ್ಲಿ ತರಬೇತಿ, ಆಮೇಲೆ ವರ್ಷವೆಲ್ಲ ಹಿರಿಯ ಇಂಜಿನಿಯರೊಬ್ಬರ ಮಾರ್ಗದರ್ಶನ. ತರಗತಿಯ ಹುಡುಗರಿಗೆ ಮಾವನದೋ ಚಿಕ್ಕಪ್ಪನದೋ ಫ್ಯಾಕ್ಟರಿ ಇತ್ತು. ಅವಳಿಗಿದ್ದದ್ದು ಸಚಿವಾಲಯದ ಗುಮಾಸ್ತರಾದ ಅಪ್ಪ ಯೋಗೀಶ. ಫ್ಯಾಕ್ಟರಿಯ ಒಳಗೆ ಕಾಲಿಡಲು ಅವಳಿಗೆ ಇದೊಂದೇ ಬಾಗಿಲು.

ಕೊನೆಯ ಸುತ್ತಿನ ಷರತ್ತು ಸರಳವಾಗಿತ್ತು: ನೀವಿರುವ ಕಡೆ ಜನರನ್ನು ಕೂಡಿಸಿಕೊಂಡು ಒಂದು ತೊಂದರೆ ನೀಗಿಸಿ, ಬಂದು ಹೇಳಿ.

ತೊಂದರೆ ಕಣ್ಣೆದುರೇ ಇತ್ತು. ಒಂದೇ ಕೊಳವೆಯ ಮೇಲೆ ಮೂರು ಮನೆಗಳು. ಕೆಳಗೆ ಹರ್ಷಿಣಿಯವರು, ನಡುವೆ ಧಾರವಾಡದ ಕಡೆಯ ಚಂದ್ರಕಾಂತ, ಮೇಲೆ ಭಟ್ನಾಗರ್ ಆಂಟಿ. ಬೆಳಿಗ್ಗೆ ನೀರು ಬಂದೊಡನೆ ಮೂವರೂ ಕೊಳವೆಗೇ ಜೋಡಿಸಿದ ಮೋಟರು ಹಾಕುತ್ತಿದ್ದರು. ಕೆಳಗಿನ ಮೋಟರು ಎಳೆದುಕೊಂಡ ಮೇಲೆ ಮೇಲಿನವು ಬರೀ ಗಾಳಿ ಹೀರಿ ಕಿರುಚುತ್ತಿದ್ದವು. ಭಟ್ನಾಗರ್ ಆಂಟಿ ದಿನವೂ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿಳಿಯುತ್ತಿದ್ದರು.

ಒಬ್ಬೊಬ್ಬರಾಗಿ ಹಾಕಿದರೆ ಮೂವರಿಗೂ ಸಾಕಾಗುತ್ತದೆ. ಹರ್ಷಿಣಿ ಲೆಕ್ಕ ಹಾಕಿ ವೇಳಾಪಟ್ಟಿ ಮಾಡಿದಳು.

ಯೋಗೀಶರಿಗೆ ಖುಷಿಯೋ ಖುಷಿ. "ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ ಪುಟ್ಟಿ. ಸರ್ಕ್ಯುಲರ್ ಹೊರಡಿಸಿಬಿಡೋಣ."

ಅವರೇ ಟೈಪು ಮಾಡಿಸಿ ತಂದರು. 'ಈ ಮೂಲಕ ಎಲ್ಲಾ ನಿವಾಸಿಗಳ ಗಮನಕ್ಕೆ' ಎಂಬ ಧಾಟಿಯ ಇಂಗ್ಲಿಷು, ಮನೆ ನಂಬರಿನ ಪ್ರಕಾರ ಸರದಿ, ಕೆಳಗೆ ತಮ್ಮ ಸಹಿ. ಮೆಟ್ಟಿಲ ಬಳಿ ಅಂಟಿಸಿ, ತಲೆ ವಾರೆ ಮಾಡಿ ಒಮ್ಮೆ ನೋಡಿಕೊಂಡು ಆಫೀಸಿಗೆ ಹೊರಟರು.

ಸಂಜೆ ಮೇಲಿನಿಂದ ಚಂದ್ರಕಾಂತರ ದನಿ ಇಳಿದುಬಂತು. ಅವರು ಅದೇ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರು. "ಯೋಗೀಶಗ ಪ್ರಮೋಷನ್ ಯಾವಾಗ ಆತು? ನನಗ ಸರ್ಕ್ಯುಲರ್ ಕಳಸ್ತಾನ!"

ಅವರ ಹೆಂಡತಿ ರತ್ನಪ್ರಭಾ ತರಕಾರಿ ಚೀಲ ಹಿಡಿದು ನಿಂತು ಓದಿದರು. "ಮೊದಲ ಸರದಿ ನಿಮ್ಮದೇನಾ ಹರ್ಷಿಣಿ? ಇರಲಿ ಬಿಡು, ಲೀಡರ್ ಆಗೋ ಲಕ್ಷಣ ಈಗಲೇ ಬಂದುಬಿಟ್ಟಾವ."

ಹರ್ಷಿಣಿಯ ಮುಖ ಕೆಂಪಾಯಿತು. ನಂಬರಿನ ಪ್ರಕಾರ ಬರೆದರೆ ತಮ್ಮದೇ ಮೊದಲು ಬರುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮರುದಿನ ಮೂರೂ ಮೋಟರುಗಳು ನೀರು ಬರುವ ಮೊದಲೇ ಶುರುವಾದವು.

"ಆಯ್ತು ಅಂತ ಹೇಳಿಬಿಡು," ಎಂದರು ಯೋಗೀಶ, ಬೇಸರದಿಂದ. "ಟ್ರಸ್ಟಿನವರೇನು ಬಂದು ನಲ್ಲಿ ತಿರುಗಿಸಿ ನೋಡ್ತಾರಾ?"

ಹಾಗೆ ಹೇಳಬಹುದಿತ್ತು. ಹೇಳುವ ಮಾತುಗಳನ್ನು ಹರ್ಷಿಣಿ ಮನಸ್ಸಿನಲ್ಲಿ ಜೋಡಿಸಿಯೂ ನೋಡಿದಳು, ಚೆನ್ನಾಗಿಯೇ ಕೂಡಿಬಂದವು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಅವಳು ಎದ್ದು ಹೋಗಿ ಸರ್ಕ್ಯುಲರ್ ಕಿತ್ತು ತಂದಳು. ಅಡುಗೆಮನೆಯಲ್ಲಿ ಅಮ್ಮ ಇಂದಿರಾ ಹುಳಿಗೆ ಬೇಳೆ ತೊಳೆಯುತ್ತಿದ್ದರು.

"ಅಮ್ಮಾ, ನಾಳೆ ನಮ್ಮ ಮೋಟರು ಹಾಕಬೇಡ."

"ಹುಚ್ಚಾ ನಿಂಗೆ? ಅಪ್ಪನ ಸ್ನಾನ? ಅಡುಗೆ?"

"ನಾವು ಕೆಳಗಿದ್ದೀವಿ. ಮೋಟರು ಇಲ್ದೇನೇ ನಮಗೆ ಬರತ್ತೆ, ಸ್ವಲ್ಪ ಲೇಟ್ ಆಗತ್ತೆ ಅಷ್ಟೇ. ಒಂದು ದಿನ ನೋಡೋಣ, ಪ್ಲೀಸ್."

ಇಂದಿರಾ ಅಂದೇ ಮನೆಯಲ್ಲಿದ್ದ ಪಾತ್ರೆ, ಕೊಡ, ಕುಕ್ಕರನ್ನೂ ಬಿಡದೆ ತುಂಬಿಸಿಟ್ಟರು.

ಮರುದಿನ ಹರ್ಷಿಣಿ ಕಾಲೇಜು ಬಸ್ಸು ಬಿಟ್ಟು ಮನೆಯಲ್ಲೇ ಉಳಿದಳು. ನೀರು ಬಂತು. ಇಂದಿರಾ ಕೈ ಕಟ್ಟಿಕೊಂಡು ಸ್ವಿಚ್ಚಿನ ಮುಂದೆ ನಿಂತರು, ಕೈ ಬಿಟ್ಟರೆ ಅದೇ ಹೋಗಿ ಒತ್ತಿಬಿಡುತ್ತದೆ ಎಂಬಂತೆ. ಸ್ವಲ್ಪ ಹೊತ್ತಿಗೆಲ್ಲ ರತ್ನಪ್ರಭಾ ಕೆಳಗಿಳಿದು ಬಂದರು.

"ನಿಮ್ಮ ಮೋಟರು ಕೆಟ್ಟದ ಏನ್ರಿ? ನಮ್ಮ ಟ್ಯಾಂಕು ಆಗಲೇ ತುಂಬಿ ಸುರೀಲಿಕ್ಕತ್ತದ."

"ಕೆಟ್ಟಿಲ್ಲ ಆಂಟಿ. ನಾವೇ ಹಾಕಿಲ್ಲ. ಸರ್ಕ್ಯುಲರ್ ಹಾಕಿದ್ದು ತಪ್ಪಾಯ್ತು. ಮೊದಲು ಬಂದು ಕೇಳಬೇಕಿತ್ತು." ಹರ್ಷಿಣಿ ಬಾಗಿಲಿನಿಂದ ಹೊರಗೆ ಬಂದಳು. "ಈಗ ಕೇಳ್ತೀನಿ. ನಿಮ್ಮದು ತುಂಬಿದ್ರೆ ನಿಲ್ಲಿಸ್ತೀರಾ? ಮೇಲಿನವರಿಗೂ ಹತ್ತಲಿ."

"ಆಕಿ ಮ್ಯಾಲಿಂದ ನನ್ನ ಒಣಗಿದ ಬಟ್ಟಿ ಮ್ಯಾಲೆ ಬಾಲ್ಕನಿ ತೊಳೀತಾಳ. ಆಕಿಗೆ ನಾ ನೀರು ಬಿಡಲಾ?"

ಹರ್ಷಿಣಿ ಮೇಲಕ್ಕೆ ಓಡಿದಳು. ಭಟ್ನಾಗರ್ ಆಂಟಿ ನಕ್ಕುಬಿಟ್ಟರು. "ಅರೇ ಬೇಟಾ, ನೀರೇ ಇಲ್ಲ, ತೊಳೆಯುವುದೆಲ್ಲಿ? ಬಂದರೆ ಅವಳನ್ನು ಕೇಳಿಯೇ ತೊಳೀತೀನಿ," ಎಂದರು ಹಿಂದಿಯಲ್ಲಿ.

ಆ ಮಾತು ಕೆಳಗಿಳಿಯಿತು. ಇನ್ನೊಂದು ದೂರು ಮೇಲೇರಿತು. ಎರಡು ಸಲ ಹತ್ತಿಳಿದ ಮೇಲೆ ಹೆಂಗಸರು ಮೂವರೂ ತಾವೇ ಮೆಟ್ಟಿಲಿಗೆ ಬಂದರು. ಮೊದಲು ಮೇಲಿನವರು, ಆಮೇಲೆ ನಡುವಿನವರು, ಕೆಳಗಿನವರಿಗೆ ಮೋಟರಿಲ್ಲ ಎಂದು ತೀರ್ಮಾನವಾಯಿತು. ತುಂಬಿದವರು ಕೆಳಗಿನವರನ್ನು ಕೂಗಿ ಹೇಳಬೇಕು.

"ಹಂಗಾರ ನಮ್ಮದು ಎರಡನೇದೇನು?" ಎಂದು ಚಂದ್ರಕಾಂತ ಒಳಗಿನಿಂದ ಕೇಳಿದರು.

"ನೀವು ಆಫೀಸಿಗೆ ಹೋಗ್ರಿ," ಎಂದರು ರತ್ನಪ್ರಭಾ. "ಸ್ವಿಚ್ಚು ನನ್ನ ಅಡಗಿಮನ್ಯಾಗದ."

ಎಲ್ಲ ಸುಸೂತ್ರವಾಗಲಿಲ್ಲ. ಒಂದು ದಿನ ರತ್ನಪ್ರಭಾ ಮೋಟರು ನಿಲ್ಲಿಸಲು ಮರೆತು, ಯೋಗೀಶ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿದರು. ಇಂದಿರಾ ಜಗಳಕ್ಕೆ ಹೋಗದೆ ರತ್ನಪ್ರಭಾಗೆ ಒಂದು ಬಟ್ಟಲು ಹುಳಿ ಕೊಟ್ಟು, ನೆನಪಿಸಿ ಬಂದರು.

ಸಂದರ್ಶನ ದ್ವಾರಕಾದಲ್ಲಿತ್ತು. ಹರ್ಷಿಣಿಗಿಂತ ಮೊದಲು ಹೋದ ಹುಡುಗ ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ತೋರಿಸಿ ಬಂದಿದ್ದ. ಅವಳ ಕೈ ಬರಿದಾಗಿತ್ತು. ಅವಳು ಸರ್ಕ್ಯುಲರಿನ ಕಥೆಯಿಂದಲೇ ಶುರುಮಾಡಿದಳು. ಮೊದಲ ಸರದಿ ತಮಗೇ ಇಟ್ಟುಕೊಂಡದ್ದನ್ನೂ ಬಿಡಲಿಲ್ಲ. ಮೇಜಿನ ಆಚೆ ಯಾರೋ ನಕ್ಕರು.

ನಡುವೆ ಕೂತಿದ್ದ ಹಿರಿಯ ಮಹಿಳೆ ನಗಲಿಲ್ಲ. "ಕಾಲೇಜು ಇಷ್ಟು ದೂರ. ನೀನಿಲ್ಲದ ದಿನ ಇದು ನಡೆಯುತ್ತದೆಯೇ?"

"ಆ ಒಂದು ದಿನ ಬಿಟ್ಟರೆ ನಾನು ಇದ್ದದ್ದೇ ಇಲ್ಲ ಮೇಡಂ. ನನ್ನ ಬಸ್ಸು ಹೋದ ಮೇಲೆಯೇ ನೀರು ಬರುವುದು."

ಆಕೆ ಪೆನ್ನು ಕೆಳಗಿಟ್ಟು ಅವಳನ್ನು ಸರಿಯಾಗಿ ನೋಡಿದರು.

ಮಧ್ಯಾಹ್ನವೇ ಹೆಸರುಗಳನ್ನು ಓದಿದರು. ತನ್ನ ಹೆಸರು ಬಂದಾಗ ಹರ್ಷಿಣಿ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮನ ಹತ್ತಿರ ಓಡಿದಳು. ಇಂದಿರಾರ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಕೇಳಿದರು:

"ಫ್ಯಾಕ್ಟರಿಯಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಬಾತ್‌ರೂಮು ಇದೆಯಂತಾ?"

"ಗೊತ್ತಿಲ್ಲಮ್ಮಾ."

"ಮತ್ತೆ, ಹೋಗಿ ಕೇಳು."

ಈಗಷ್ಟೇ ಆಯ್ಕೆಯಾದವಳು ಇಂಥದ್ದನ್ನೆಲ್ಲ ಕೇಳುವುದೇ ಎಂದು ಹರ್ಷಿಣಿ ಅರೆಕ್ಷಣ ಹಿಂಜರಿದಳು. ಆಮೇಲೆ ತಿರುಗಿ, ಸಂದರ್ಶನದ ಕೋಣೆಯ ಇನ್ನೂ ಮುಚ್ಚದಿದ್ದ ಬಾಗಿಲನ್ನು ತಟ್ಟಿದಳು.