ಬಿಳಿ ಗುರಾಣಿಗೆ ಕುಂಕುಮ

ಆಯುಧಪೂಜೆಯ ಬೆಳಿಗ್ಗೆ ರಘೂತ್ತಮ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವಷ್ಟರಲ್ಲಿ, ಅವನ ನಾದಿನಿ ಸುಪ್ರಜಾ ಗ್ಯಾರೇಜಿನಲ್ಲಿದ್ದುದಕ್ಕೆಲ್ಲ ಕುಂಕುಮ ಹಚ್ಚುತ್ತ ಬಂದಳು. ಸುತ್ತಿಗೆ, ಏಣಿ, ಹುಲ್ಲು ಕತ್ತರಿಸುವ ಯಂತ್ರ. ಕೊನೆಗೆ ಗೋಡೆಗೊರಗಿದ್ದ ಗುರಾಣಿ.

ಅದು ಅಕ್ಕನ ಮಗಳು ಇಶಾ ಸೋಮವಾರ ಶಾಲೆಗೆ ಒಯ್ಯಬೇಕಿದ್ದ, ಆಫ್ರಿಕಾದ ಜುಲು ಸೈನಿಕರ ಗುರಾಣಿ. ರಟ್ಟು ಕತ್ತರಿಸಿ ಬಿಳಿ ಬಣ್ಣ ಬಳಿದವಳು ಸುಪ್ರಜಾಳೇ. ಬಣ್ಣ ಇನ್ನೂ ಹಸಿಯಾಗಿತ್ತು. ಮೂರು ಬೊಟ್ಟುಗಳು ಮೂರು ಕೆಂಪು ಗೆರೆಗಳಾಗಿ ಇಳಿದವು.

"ಚಿಕ್ಕಿ, ವಾಟ್ ಡಿಡ್ ಯೂ ಡೂ?" ಇಶಾಳ ಕಣ್ಣು ತುಂಬಿತು. "ಬಿಳಿ ಅಂದ್ರೆ ಸೀನಿಯರ್ ರೆಜಿಮೆಂಟ್. ಕಪ್ಪು ಅಂದ್ರೆ ಯಂಗ್. ಇದು ಯಾರ ರೆಜಿಮೆಂಟೂ ಅಲ್ಲ."

"ನಮ್ಮೂರ ಹೆಸರಲ್ಲಿ ಶುಗರ್ ಲ್ಯಾಂಡ್ ರೆಜಿಮೆಂಟ್ ಅನ್ನು ಪುಟ್ಟಿ," ಎಂದ ರಘೂತ್ತಮ.

ಸುಪ್ರಜಾ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದಳು. ಅಕ್ಕನ ಎರಡನೇ ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದವಳನ್ನು ಶಾಲೆಯ ಕೆಲಸಕ್ಕೆ ಕರೆದವಳು ಈ ಹುಡುಗಿಯೊಬ್ಬಳೇ. ಇನ್ನು ಕರೆಯಲಾರಳು.

ಸುಪ್ರಜಾ ಒಳಗೆ ಹೋಗಿ, ಜುಲುಗಳ ಬಗ್ಗೆ ಓದಲು ಇಶಾ ತಂದಿದ್ದ ಲೈಬ್ರರಿ ಪುಸ್ತಕ ಹಿಡಿದು ಬಂದಳು. ನಡುವೆ ಗುರುತಿಗೆ ಇಟ್ಟಿದ್ದ ಹೂವಿನ ದಾರ ತೆಗೆದು ಒಂದು ಚಿತ್ರ ತೋರಿಸಿದಳು.

"ಯುದ್ಧಕ್ಕೆ ಹೊರಡೋ ಮುಂಚೆ ಸೈನಿಕರ ಮೇಲೆ ಔಷಧಿ ನೀರು ಚಿಮುಕಿಸ್ತಿದ್ರಂತೆ. ಇಲ್ಲಿದೆ ನೋಡು. ನಾವು ಆಯುಧಕ್ಕೆ ಹಚ್ತೀವಿ. ನಂಗೆ ಎರಡೂ ಒಂದೇ ಥರ ಅನ್ನಿಸ್ತು."

"ಬಟ್ ಅದು ಸೈನಿಕರ ಮೇಲೆ. ಶೀಲ್ಡ್ ಮೇಲಲ್ಲ."

"ಹೌದು. ಹೇಳ್ದೆ ಹಚ್ಚಿದ್ದು ತಪ್ಪು. ಒರೆಸಿ ಮತ್ತೆ ಬಳೀತೀನಿ."

ಇಶಾ ಚಿತ್ರ ನೋಡುತ್ತಿರಲಿಲ್ಲ, ಚಿಕ್ಕಿಯನ್ನು ನೋಡುತ್ತಿದ್ದಳು. "ಇದನ್ನ ನೀನ್ ಓದಿದ್ಯಾ? ಇಂಗ್ಲಿಷ್‌ನಲ್ಲಿ?"

"ನೀನು ಸ್ಕೂಲಿಗೆ ಹೋದಾಗ. ಬೆರಳಿಟ್ಕೊಂಡು. ಎಪ್ಪತ್ತೆರಡನೇ ಪುಟದವರೆಗೆ."

"ನಾನು ನಲವತ್ತಕ್ಕೇ ಬಿಟ್ಟೆ," ಎಂದಳು ಇಶಾ ಸಣ್ಣಗೆ.

ಆಮೇಲೆ ಮೂಗೊರೆಸಿಕೊಂಡು ಗುರಾಣಿಯನ್ನು ತಿರುಗಿಸಿದಳು. "ಇಲ್ಲಿ ಒಂದು ಬೊಟ್ಟು ಇಡು. ಹಿಡ್ಕೊಳ್ಳೋ ಜಾಗದಲ್ಲಿ. ಮುಂದೆ ಮಾತ್ರ ಬಿಳಿ ಮಾಡು. ಎಪ್ಪತ್ಮೂರು ನಾನು ಓದ್ತೀನಿ."

ಸುಪ್ರಜಾ ಬಳಿದಳು, ಇಶಾ ಓದಿದಳು. ಇಂಗ್ಲಿಷಿನಲ್ಲಿ ಒಂದು ಸಾಲು, ಮುರುಕು ಕನ್ನಡದಲ್ಲಿ ಅದರ ಅರ್ಥ. ಗುರಾಣಿಗಳು ರಾಜನ ಸ್ವತ್ತು. ಇಲಿ, ಹುಳ ಮುಟ್ಟದಂತೆ ನೆಲದಿಂದ ಎತ್ತರದ ಗುಡಿಸಿಲಿನಲ್ಲಿ ಇಡುತ್ತಿದ್ದರು.

ಸುಪ್ರಜಾ ಗ್ಯಾರೇಜಿನ ನೆಲ ನೋಡಿದಳು. ಬಣ್ಣ ಒಣಗಿದ ಮೇಲೆ ಗುರಾಣಿಯನ್ನು ಎತ್ತಿ, ಕಾರಿನ ಬಾನೆಟ್ ಮೇಲೆ ಸೇವಂತಿಗೆ ಹಾರದ ಪಕ್ಕದಲ್ಲಿ ಇಟ್ಟಳು.